ನಾನು ಅಳಿಸಿದ ಹಚ್ಚೆ

ಕ್ಯಾಮೆರಾ ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಜಾಹೀರಾತು ಹಾಕಿದ ದಿನ, ಇದನ್ನು ಯಾರೂ ಕೊಳ್ಳದೇ ಹೋದರೆ ಏನು ಗತಿ ಎಂದು ನನಗೆ ಚಿಂತೆಯಾಯಿತು. ಅರ್ಧ ಗಂಟೆಯೊಳಗೆ ಯಲಹಂಕದಿಂದ ಒಬ್ಬರು ಫೋನ್ ಮಾಡಿ, "ಶನಿವಾರ ಬಂದು ನೋಡ್ತೀನಿ ಸಾರ್, ಬೇರೆಯವ್ರಿಗೆ ಕೊಟ್ಬಿಡ್ಬೇಡಿ" ಅಂದರು. ಆಗಿನಿಂದ, ಇವರು ಕೊಂಡೇಬಿಟ್ಟರೆ ಏನು ಗತಿ ಎಂಬ ಚಿಂತೆ ಶುರುವಾಯಿತು.

ಚಿಂತೆ ನನಗೆ ಹೊಸದಲ್ಲ. ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಬಸ್ ಸ್ಟಾಪಿನವರೆಗೆ ನಡೆದು, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ ಬಂದು ಜಗ್ಗಿ ನೋಡುವವನು ನಾನು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತರೆ ಉಳಿದವರು ಟ್ರಾಫಿಕ್ಕನ್ನು ಬೈಯುತ್ತಾರೆ. ನಾನು ಕೆಳಗಿನ ಕಂಬಗಳ ಆರೋಗ್ಯದ ಬಗ್ಗೆ ಯೋಚಿಸುತ್ತೇನೆ. ಐವತ್ತೆರಡು ವರ್ಷ ಹೀಗೆ ಕಳೆದಿದ್ದೇನೆ. ಹಾಗೆ ಚಿಂತಿಸಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದೆಲ್ಲ ನಾನು ಚಿಂತಿಸದೇ ಬಿಟ್ಟದ್ದು. ನನ್ನೊಳಗಿನ ಫೋಟೋಗ್ರಾಫರ್ ಸದ್ದಿಲ್ಲದೆ ಎದ್ದು ಹೋಗಿಬಿಡಬಹುದು ಎಂದು ನಾನು ಒಂದು ದಿನವೂ ಚಿಂತೆ ಮಾಡಿರಲಿಲ್ಲ.

ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಮೆಡಿಕಲ್ ಶಾಪಿಗೂ ಬಿರಿಯಾನಿ ಹೋಟೆಲಿಗೂ ನಡುವೆ ಸಿಕ್ಕಿಕೊಂಡಿರುವ ಸ್ಟುಡಿಯೋ ನನ್ನದು. ಸ್ಟುಡಿಯೋ ಅನ್ನುವುದು ಬೋರ್ಡಿನ ಮಾತು. ಒಳಗೆ ಒಂದು ಸ್ಟೂಲು, ಅದರ ಹಿಂದೆ ಬಿಳಿ ಬಟ್ಟೆ, ಎರಡು ಲೈಟು, ಒಂದು ಕಂಪ್ಯೂಟರು, ಜೆರಾಕ್ಸ್ ಮೆಷಿನ್, ಲ್ಯಾಮಿನೇಷನ್ ಮೆಷಿನ್. ಪಾಸ್‌ಪೋರ್ಟ್ ಫೋಟೋಕ್ಕೆಂದು ಒಂದು ಸಣ್ಣ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ತಿರುಪು ಬಿಗಿದು ಕೂರಿಸಿದ್ದೇನೆ. ಅದು ಅಲ್ಲಾಡುವುದಿಲ್ಲ, ಬಂದವರು ಅದಕ್ಕೆ ಸರಿಯಾಗಿ ಅಲ್ಲಾಡಬೇಕು. ಮಾರಾಟಕ್ಕೆ ಇಟ್ಟದ್ದು ಅದನ್ನಲ್ಲ, ದೊಡ್ಡದನ್ನು, ಮೂರು ಲೆನ್ಸುಗಳ ಸಮೇತ. ಎರಡು ವರ್ಷದಿಂದ ಅದು ಬ್ಯಾಗಿನಿಂದ ಹೊರಗೆ ಬಂದಿರಲಿಲ್ಲ. ಫಂಗಸ್ ಹಿಡಿದೀತೆಂದು ತಿಂಗಳಿಗೊಮ್ಮೆ ಬ್ಯಾಗಿನ ಜಿಪ್ಪು ತೆಗೆದು, ತೇವ ಹೀರುವ ಬೂದಿ ಬಣ್ಣದ ಪೊಟ್ಟಣಗಳನ್ನು ಬದಲಾಯಿಸಿ, ಮುಚ್ಚುತ್ತಿದ್ದೆ. ಆಸ್ಪತ್ರೆಯಲ್ಲಿ ಮಾತು ನಿಂತುಹೋದ ನೆಂಟರನ್ನು ನೋಡಿಕೊಂಡು ಬಂದ ಹಾಗೆ.

ಜಾಹೀರಾತಿನ ವಿಷಯ ಹೇಳಿದಾಗ ನನ್ನ ಹೆಂಡತಿ ಚಪಾತಿ ಲಟ್ಟಿಸುತ್ತಿದ್ದಳು. ನಾವಿಬ್ಬರೂ ಗದಗಿನ ಕಡೆಯವರು. ಇಪ್ಪತ್ತೈದು ವರ್ಷ ಬೆಂಗಳೂರಿನ ನೀರು ಕುಡಿದರೂ ಅವಳ ಮಾತು ಒಂದಿಷ್ಟೂ ತೊಳೆದು ಹೋಗಿಲ್ಲ.

"ಮಾರ್ರಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದನ್ನ ಮಾರಿದ ಮ್ಯಾಲ ಯಾವುದರ ಚಿಂತಿ ಮಾಡ್ತೀರಿ? ಹೊಸಾದೊಂದು ಹುಡುಕಬೇಕಾಕ್ಕೈತಿ" ಅಂದಳು.

"ನಗಬ್ಯಾಡ. ಉಪಯೋಗ ಇಲ್ಲದ್ದನ್ನ ಇಟ್ಕೊಂಡು ಏನು ಮಾಡೋದು?"

"ನಾ ಎಲ್ಲಿ ನಕ್ಕೇನಿ? ಉಪಯೋಗ ಇಲ್ಲದ್ದನ್ನೆಲ್ಲಾ ಮಾರೂದಾದ್ರ ಮನ್ಯಾಗ ಇನ್ನೂ ಒಂದೈತಿ, ಅದರದೂ ಒಂದು ಫೋಟೋ ಹಾಕ್ರಿ" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಮೊದಲು ಹೀಗಿರಲಿಲ್ಲ ಎಂದು ಹೇಳುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ: ಮಂಚದ ಕೆಳಗೆ ಎರಡು ಟ್ರಂಕು ನೆಗೆಟಿವ್. ಯಶವಂತಪುರದ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಹೆಗಲಲ್ಲಿದ್ದ ಫಿಲ್ಮ್ ಕ್ಯಾಮೆರಾ ಸೆಕೆಂಡ್ ಹ್ಯಾಂಡು; ಅದಕ್ಕಿಂತ ಹೆಚ್ಚು ಬೆಲೆ ಬಾಳುವ ವಸ್ತು ನನ್ನ ಟ್ರಂಕಿನಲ್ಲಿ ಇರಲಿಲ್ಲ. ಹಗಲು ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ಬೆಳಗಿನ ಜಾವದ ಮೊದಲ ಬಸ್ಸು ಹತ್ತಿ ಹೆಬ್ಬಾಳ ಕೆರೆಗೆ ಹೋಗುತ್ತಿದ್ದೆ. ತಿಂಗಳಿಗೆ ಒಂದೇ ರೋಲು, ಮೂವತ್ತಾರು ಚಿತ್ರ. ಹಾಗಾಗಿ ಹೋದ ಮುಕ್ಕಾಲು ದಿನ ಒಂದೂ ಫೋಟೋ ತೆಗೆಯದೆ ಬರುತ್ತಿದ್ದೆ. ದಡದಲ್ಲಿ ಕೂತು, ಮಂಜಿನೊಳಗಿಂದ ಹೆಜ್ಜಾರ್ಲೆ ಹಕ್ಕಿಗಳು ಒಂದೊಂದಾಗಿ ನೀರಿಗೆ ಇಳಿಯುವುದನ್ನು, ಅವುಗಳ ಹಿಂದೆ ಬೆಳಕು ಬಿಳಿಯಿಂದ ಹಳದಿಗೆ ತಿರುಗುವುದನ್ನು ನೋಡುತ್ತಿದ್ದೆ. ಬೆಳಕು ಕಂಡರೆ ನನಗೆ ಹಸಿವಾಗುತ್ತಿತ್ತು. ಇದಕ್ಕೆ ಬೇರೆ ಮಾತು ನನಗೆ ಸಿಕ್ಕಿಲ್ಲ. ಬಸ್ಸಿನ ಕಿಟಕಿಯ ಸರಳಿನ ನೆರಳು ಎದುರಿನವರ ತೋಳಿನ ಮೇಲೆ ಬಿದ್ದು ಮುರಿದರೆ, ಇಳಿಯಬೇಕಾದ ಸ್ಟಾಪು ಮರೆತುಹೋಗುತ್ತಿತ್ತು. ಬಚ್ಚಲಿನ ಬಲ್ಬಿಗೆ ಕೆಂಪು ಕಾಗದ ಸುತ್ತಿ, ತಟ್ಟೆಯ ದ್ರಾವಣದಲ್ಲಿ ಕಾಗದ ಅದ್ದಿ, ಅದರ ಮೇಲೆ ಏನೂ ಇಲ್ಲದ ಕಡೆಯಿಂದ ಒಂದು ಹುಬ್ಬು, ಒಂದು ಕಣ್ಣು, ಒಂದು ಮುಖ ಮೇಲೆದ್ದು ಬರುವುದನ್ನು ಉಸಿರು ಹಿಡಿದು ಕಾಯುತ್ತಿದ್ದೆ. ಹೊರಗೆ ಹೆಂಡತಿ ಬಾಗಿಲು ಬಡಿಯುತ್ತಿದ್ದಳು, "ಸ್ನಾನ ಮಾಡಬೇಕ್ರೀ, ಯಾರನ್ನ ಹಡಿಯಾಕ್ಹತ್ತೀರಿ ಒಳಗ?"

ಆ ಹಸಿವು ಯಾವ ದಿನ ಹೋಯಿತು ಎಂದು ನಿಖರವಾಗಿ ಹೇಳಲಾರೆ. ಆದರೆ ಹೋಗುತ್ತಿದೆ ಎಂದು ನನಗೆ ಗೊತ್ತಾದ ದಿನ ನೆನಪಿದೆ. ಕಾರ್ಖಾನೆ ಬಿಟ್ಟು ಸ್ಟುಡಿಯೋ ಹಾಕಿ, ಮದುವೆಗಳಿಗೆ ಹೋಗುತ್ತಿದ್ದ ಕಾಲ. ಮದುವೆ ಫೋಟೋದವರಲ್ಲಿ ಆ ಹೊತ್ತಿಗೆ ಎರಡು ಜಾತಿ ಹುಟ್ಟಿಕೊಂಡಿದ್ದವು. ಕ್ಯಾಂಡಿಡ್‌ನವರು ಎಲ್ಲೆಂದರಲ್ಲಿ ಓಡಾಡಿಕೊಂಡು, ಯಾರಿಗೂ ತಿಳಿಯದ ಹಾಗೆ ನಗು, ಅಳು ಹಿಡಿಯುವವರು. ಟ್ರೆಡಿಷನಲ್‌ನವರು ಸ್ಟೇಜಿನ ಎದುರು ನಿಂತು, ಸಾಲಾಗಿ ಬಂದು ಉಡುಗೊರೆ ಕೊಡುವವರನ್ನು ಹುಡುಗ ಹುಡುಗಿಯ ಜೊತೆ ನಿಲ್ಲಿಸಿ ಹೊಡೆಯುವವರು. ನನ್ನ ನೆರೆತ ಕೂದಲು ನೋಡಿಯೇ ನನ್ನನ್ನು ಎರಡನೆಯ ಜಾತಿಗೆ ಸೇರಿಸಿದ್ದರು. ಯಲಹಂಕದ ಕಡೆಯ ಒಂದು ದೊಡ್ಡ ಮದುವೆಯಲ್ಲಿ ಹಾಗೆ ಸಾಲು ಹೊಡೆಯುತ್ತಿದ್ದಾಗ, ಸ್ಟೇಜಿನ ಮೂಲೆಯಲ್ಲಿ ಮದುಮಗಳ ಅಜ್ಜಿ ಕಂಡರು. ಮಾಂಗಲ್ಯಧಾರಣೆ ಆಗಿ ಗಂಟೆ ಕಳೆದಿತ್ತು, ಅಕ್ಷತೆ ಹಾಕುವುದನ್ನೇ ಮರೆತು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದರು. ನಾನು ಸಾಲು ಬಿಟ್ಟು ಅತ್ತ ಹೋದೆ. ಎರಡೇ ನಿಮಿಷ. ಅಷ್ಟರಲ್ಲಿ ಗಂಡಿನ ಕಡೆಯ ಯಾರೋ ದೊಡ್ಡವರು ಬೆಳ್ಳಿ ದೀಪ ಕೊಟ್ಟು, ಫೋಟೋ ಇಲ್ಲದೆ ಇಳಿದುಹೋಗಿದ್ದರು.

"ಎಲ್ಲೋಗಿದ್ರಿ ಕಣ್ರೀ ನೀವು?" ಹುಡುಗಿಯ ತಂದೆ ಮೈಕಿನ ಹತ್ತಿರವೇ ಕೂಗಿದರು. "ನಿಮ್ ಕೆಲ್ಸ ಸ್ಟೇಜು. ಕಲೆ ಮಾಡಕ್ಕೆ ಅವ್ರಿದಾರಲ್ಲ!"

ಕಲೆ ಮಾಡಲು ಇದ್ದವರಲ್ಲಿ ಒಬ್ಬಳು ಹುಡುಗಿ ನನ್ನ ಪಕ್ಕಕ್ಕೆ ಬಂದು, ನಿಜವಾದ ಕನಿಕರದಿಂದ ಹೇಳಿದಳು, "ಟೆನ್ಷನ್ ತಗೋಬೇಡಿ ಅಂಕಲ್. ಆ ಅಜ್ಜಿ ಶಾಟ್ ನಮ್ಮತ್ರ ಇದೆ."

ಇತ್ತು ಕೂಡ. ಆಲ್ಬಂ ಬಂದಾಗ ನೋಡಿದೆ. ಅವಳದು ನನ್ನದಕ್ಕಿಂತ ಚೆನ್ನಾಗಿತ್ತು. ಕೆಟ್ಟದಾಗಿದ್ದಿದ್ದರೆ ನಾನು ಸಿಟ್ಟಿನಲ್ಲಿ ಇನ್ನೂ ಹತ್ತು ವರ್ಷ ಬದುಕುತ್ತಿದ್ದೆನೇನೋ.

ಅದಾದ ಮೇಲೆ ಮದುವೆ ಒಪ್ಪಿಕೊಳ್ಳುವುದು ಕಡಿಮೆ ಮಾಡಿದೆ. ಕೆರೆಗೆ ಹೋಗುವುದು ನಿಂತಿತು. ಮೊಣಕಾಲು, ಮಳೆ, ಬಸ್ಸು, ಅಲ್ಲಿ ಈಗ ಟಿಕೆಟ್ಟು ಎಂದು ದಿನಕ್ಕೊಂದು ಕಾರಣ ಸಿಗುತ್ತಿತ್ತು. ಉಳಿದದ್ದು ಪಾಸ್‌ಪೋರ್ಟ್ ಫೋಟೋ. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್", "ಈ ಕಪ್ಪು ಕಲೆ ತೆಗೀರಿ ಸಾರ್" ಎನ್ನುವ ಜನ. ಕೇಳುವ ಮೊದಲೇ ನನ್ನ ಕೈ ಮಾಡಿ ಮುಗಿಸುತ್ತಿತ್ತು. ಮೊಡವೆ, ಮಚ್ಚೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು, ಎಲ್ಲವೂ ಮೌಸಿನ ನಾಲ್ಕು ಕ್ಲಿಕ್ಕಿಗೆ ಹೋಗುತ್ತಿದ್ದವು. ಮುಖವನ್ನು ನಾನು ನೋಡುತ್ತಲೇ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ನನಗೆ ಎಂಥದೋ ಕಳೆದುಕೊಂಡವನ ಹಾಗೆ ಅನ್ನಿಸುತ್ತಿತ್ತು. ಫೋಟೋ ತೆಗೆಯಬೇಕು ಎಂಬ ಆಸೆಯಲ್ಲ ಅದು. ಆ ಆಸೆ ಇತ್ತಲ್ಲ, ಅದು ಮತ್ತೆ ಬೇಕು ಎಂಬ ಆಸೆ. ಹಸಿವಿಲ್ಲದವನು ಹಸಿವಿಗಾಗಿ ಹಂಬಲಿಸಿದ ಹಾಗೆ. ಇದನ್ನು ಯಾರಿಗೆ ಹೇಳುವುದು? ಮೆಡಿಕಲ್ ಶಾಪಿನವರಿಗೆ ಹೇಳಿದರೆ ಗ್ಯಾಸಿನ ಮಾತ್ರೆ ಕೊಡುತ್ತಾರೆ. ಕೊನೆಗೆ, ದೊಡ್ಡ ಕ್ಯಾಮೆರಾ ಕಣ್ಣೆದುರಿಗೆ ಇಲ್ಲದಿದ್ದರೆ ಈ ಹಂಬಲವೂ ಹೋದೀತು, ನೆಮ್ಮದಿಯಾಗಿ ಜೆರಾಕ್ಸ್ ಮಾಡಿಕೊಂಡು ಇರಬಹುದು ಎಂದು ತೀರ್ಮಾನಿಸಿದೆ. ಸೋಮವಾರ ಜಾಹೀರಾತು ಹಾಕಿದೆ.

ಬುಧವಾರ ಬ್ಯಾಟರಾಯನಪುರದಿಂದ ಒಬ್ಬರು ಬಂದರು. ನಲವತ್ತರ ಆಸುಪಾಸು, ತಲೆ ಬೋಳಿಸಿದ್ದರು. ಊರು ಊರಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು.

"ಅಮ್ಮ ತೀರ್ಕೊಂಡ್ರು ಸಾರ್. ಶನಿವಾರ ಹನ್ನೊಂದನೇ ದಿನದ ಕಾರ್ಯ. ಒಂದು ದೊಡ್ಡ ಫೋಟೋ ಬೇಕು, ಫ್ರೇಮ್ ಹಾಕಿ. ನೋಡಿದ್ರೆ ಅವ್ರದ್ದು ಒಬ್ಬರೇ ಇರೋ ಫೋಟೋನೇ ಇಲ್ಲ ನಮ್ಮತ್ರ."

ಇದು ನನ್ನ ಕಸುಬಿನಲ್ಲಿ ದಿನಾ ಆಗುವ ಮಾತು. ಬದುಕಿದ್ದಷ್ಟು ಕಾಲ ಅಮ್ಮಂದಿರು ಗ್ರೂಪ್ ಫೋಟೋದ ತುದಿಯಲ್ಲಿ ಇರುತ್ತಾರೆ. ಸತ್ತ ಮೇಲೆ ಅವರನ್ನು ಅಲ್ಲಿಂದ ಎತ್ತಿ ನಡುವಿಗೆ ತರುವುದು ನನ್ನ ಕೆಲಸ. ಅವರು ಮೊಬೈಲಿಗೆ ಕಳಿಸಿದ್ದು ಗೃಹಪ್ರವೇಶದ ಫೋಟೋ. ಎಡಗಡೆಯ ತುದಿಯಲ್ಲಿ, ಯಾರದೋ ಹೆಗಲ ಹಿಂದೆ ಅರ್ಧ ಮರೆಯಾಗಿ, ಬಾಯಿ ಬಿಗಿಹಿಡಿದ ಒಬ್ಬ ಮುದುಕಿ. ನಾನು ಅವರನ್ನು ಕತ್ತರಿಸಿ ತೆಗೆದೆ. ಇಲ್ಲದ ಹೆಗಲು ಕೊಟ್ಟೆ, ರೇಷ್ಮೆ ಸೀರೆ ಉಡಿಸಿದೆ, ಹಿಂದೆ ತಿಳಿನೀಲಿ ಬಣ್ಣ ಹಚ್ಚಿದೆ, ಮುಖ ನಯಮಾಡಿದೆ. ನಲವತ್ತು ನಿಮಿಷ. ನಡುವೆ ಎರಡು ಆಧಾರ್ ಕಾರ್ಡಿನ ಜೆರಾಕ್ಸ್ ಕೂಡ ಮಾಡಿಕೊಟ್ಟೆ. ಗುರುವಾರ ಅವರು ಫ್ರೇಮ್ ತೆಗೆದುಕೊಂಡು, "ಸೂಪರಾಗಿದೆ ಸಾರ್, ಹತ್ತು ವರ್ಷ ಚಿಕ್ಕೋರ ಥರ ಕಾಣ್ತಾರೆ" ಎಂದು ಹೊಗಳಿ ಹೋದರು.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಅವರ ಕಾರು ಮತ್ತೆ ಅಂಗಡಿ ಎದುರು ನಿಂತಿತು. ಹಿಂದಿನ ಬಾಗಿಲಿನಿಂದ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಇಳಿದರು, ಆ ಫ್ರೇಮನ್ನು ಎದೆಗೆ ಅವಚಿಕೊಂಡು. ಫೋಟೋದಲ್ಲಿದ್ದವರೇ ಎದ್ದು ಬಂದರೇನೋ ಅನ್ನಿಸಿತು.

"ನಮ್ ಚಿಕ್ಕಮ್ಮ ಸಾರ್" ಎಂದರು ಮಗ, ಸಂಕೋಚದಿಂದ. "ಅಮ್ಮನ ತಂಗಿ. ಇಬ್ರನ್ನೂ ಒಂದೇ ಮನೆಗೆ ಕೊಟ್ಟಿದ್ರು, ಅಣ್ಣತಮ್ಮಂದಿರಿಗೆ. ನಮಗೇನೂ ಪ್ರಾಬ್ಲಂ ಇಲ್ಲ ಫೋಟೋದಲ್ಲಿ. ಇವ್ರು ಒಪ್ತಿಲ್ಲ."

"ಒಳಗೆ ಬನ್ನಿ ಅಮ್ಮ, ಕೂತ್ಕೊಂಡು ಮಾತಾಡೋಣ."

"ಸೂತ್ಕ ಅದೆ. ಇನ್ನೊಬ್ರ ಅಂಗ್ಡಿಯೊಳಕ್ಕೆ ಕಾಲಿಡಕಿಲ್ಲ ನಾನು. ಇವ್ನು ಮೊನ್ನೆ ನುಗ್ಗಿದ್ದೇ ತೆಪ್ಪು" ಎಂದು ಅವರು ಮೆಟ್ಟಿಲ ಕೆಳಗೆ ನಿಂತೇ ಫ್ರೇಮ್ ನನ್ನ ಕಡೆ ತಿರುಗಿಸಿದರು. "ಇದ್ಯಾರಪ್ಪ?"

ನಾನು ಮಗನ ಕಡೆ ನೋಡಿದೆ.

"ಕೇಳ್ತಿರದು ನಿನ್ನೇಯ. ಇದ್ಯಾರು? ನಮ್ಮಕ್ಕ ಅಲ್ಲ. ನಮ್ಮಕ್ಕನ ಅಣೆ ಮ್ಯಾಗಿದ್ದ ಅಚ್ಚೆ ಎಲ್ಲೋಯ್ತು?"

ಆಗ ನೋಡಿದೆ. ಅವರ ಹಣೆಯ ನಡುವೆ, ಕುಂಕುಮವಿಲ್ಲದ ಬರಿ ಹಣೆಯ ಮೇಲೆ, ಹಸಿರು ಮಾಸಿದ ಒಂದು ಗೀಟು, ಅದರ ಎರಡೂ ಪಕ್ಕ ಸಣ್ಣ ಚುಕ್ಕಿಗಳು. ಹಚ್ಚೆ. ಅಕ್ಕನ ಹಣೆಯ ಮೇಲೂ ಇದ್ದಿರಬೇಕು. ಮಸುಕಾದ ಫೋಟೋದಲ್ಲಿ ಅದು ನನಗೆ ಕಲೆಯ ಹಾಗೆ ಕಂಡಿತ್ತು. ಕಂಡಿತ್ತು ಅನ್ನುವುದೂ ಸುಳ್ಳು. ನಾನು ನೋಡಿರಲೇ ಇಲ್ಲ. ಕೈ ನಾಲ್ಕು ಕ್ಲಿಕ್ಕು ಒತ್ತಿತ್ತು.

"ತಪ್ಪಾಯ್ತಮ್ಮ. ಕಲೆ ಅಂದ್ಕೊಂಡು..."

"ಕಲೆನಾ?" ಅವರು ದನಿ ಏರಿಸಲಿಲ್ಲ, ಏರಿಸಿದ್ದರೆ ವಾಸಿಯಿತ್ತು. "ನಮ್ ಭಾವ ಓದಾಗ ಅವಳ ಕುಂಕ್ಮ ಅಳಿಸಿದ್ರು, ಬಳೆ ಒಡದ್ರು. ಮೊನ್ನೆ ಅವಳೇ ಓದಾಗ ಓಲೆ ಬಿಚ್ಕಂಡ್ರು, ಮೂಗ್ಬಟ್ಟು ಬಿಚ್ಕಂಡ್ರು. ಇದೊಂದ್ನ ಯಾರ್ ಕೈಲೂ ಬಿಚ್ಕಳಕಾಗ್ಲಿಲ್ಲ. ಸುಡುಗಾಡವರ್ಗೂ ಒತ್ಕಂಡು ಓದ್ಲು. ನೀನು ಇಲ್ಲಿ ಕುಂತ್ಕಂಡು ಬಿಚ್ಬುಟ್ಟಲ್ಲಪ್ಪ."

ಮೆಡಿಕಲ್ ಶಾಪಿನವರು ಕೌಂಟರಿನಿಂದ ಹೊರಗೆ ಬಾಗಿ ನೋಡುತ್ತಿದ್ದರು. ನನಗೆ ಭೂಮಿ ಬಿರಿಯಬೇಕಿತ್ತು, ಆರ್.ಟಿ. ನಗರದಲ್ಲಿ ಅಷ್ಟು ಜಾಗ ಎಲ್ಲಿದೆ?

"ಈಗ್ಲೇ ಸರಿ ಮಾಡಿಕೊಡ್ತೀನಿ" ಎಂದು ಒಳಗೆ ಓಡಿ ಹಳೆಯ ಫೋಟೋ ತೆರೆದೆ. ದೊಡ್ಡದು ಮಾಡುತ್ತ ಹೋದರೆ ಹಣೆಯ ಮೇಲೆ ಬರಿ ಚೌಕಗಳು. ಗೀಟು ಎಷ್ಟು ಉದ್ದ, ಚುಕ್ಕಿ ಎಷ್ಟು, ಏನೂ ತಿಳಿಯದು. ಅಂದಾಜಿನಲ್ಲಿ ಬಿಡಿಸಿದರೆ ಅದು ಎರಡನೆಯ ಸುಳ್ಳು. ಹೊರಗೆ ಬಂದು ಇದ್ದದ್ದು ಹೇಳಿದೆ.

"ನನ್ ಅಣೆ ನೋಡ್ಕಂಡು ಬಿಡಿಸು. ಇಬ್ರಿಗೂ ಒಂದೇ ದಿನ ಆಕಿದ್ದು. ಸೂಜಿಯೋಳು ಬಾವಿ ಕಟ್ಟೆ ಮ್ಯಾಲೆ ಕುಂತ್ಕಂಡು, ಮೊದ್ಲು ಅವಳ್ಗೆ ಆಕುದ್ಲು. ಅವ್ಳು ಕಣ್ಣಾಗೊಂದು ತೊಟ್ಟು ನೀರು ಆಕ್ಲಿಲ್ಲ. ನಾನು ಬಡ್ಕಂಡೆ, ತಲೆ ಒದ್ರಿಬುಟ್ಟೆ. ಅದ್ಕೇ ನಂದು ಸೊಟ್ಟ. ಅವಳ್ದು ನೆಟ್ಟಗಿತ್ತು. ನೀನು ನೆಟ್ಟಗೆ ಬಿಡಿಸು."

ಹಣೆಯ ಹತ್ತಿರದ ಫೋಟೋ ಬೇಕು. ಲೈಟುಗಳು ಒಳಗೆ, ಸಣ್ಣ ಕ್ಯಾಮೆರಾ ಸ್ಟ್ಯಾಂಡಿನ ಸಮೇತ ಒಳಗೆ, ಅವರು ಒಳಗೆ ಬರುವುದಿಲ್ಲ. ಮೊಬೈಲಿನಲ್ಲಿ ತೆಗೆದೆ, ಫ್ಲಾಶಿನ ಹೊಳಪಿಗೆ ಹಣೆ ಬೆಳ್ಳಗೆ ಮಿಂಚಿ, ಹಚ್ಚೆ ಮಾಯ. ಫ್ಲಾಶಿಲ್ಲದೆ ತೆಗೆದೆ, ಮೊಬೈಲು ತನ್ನಷ್ಟಕ್ಕೆ ತಾನೇ ಚರ್ಮ ನಯಮಾಡಿಟ್ಟಿತು. ಅದಕ್ಕೂ ನನ್ನದೇ ಅಭ್ಯಾಸ! ಬೇರೆ ದಾರಿಯಿರಲಿಲ್ಲ. ಮರುದಿನ ಮಾರಾಟವಾಗಬೇಕಿದ್ದ ದೊಡ್ಡ ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆದೆ. ಬ್ಯಾಟರಿ ಚಾರ್ಜ್ ಆಗುವವರೆಗೆ ಅವರಿಗೆ ಮೆಡಿಕಲ್ ಶಾಪಿನಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಅಂಗಡಿ ಎದುರಿನ ಕಲ್ಲುಚಪ್ಪಡಿಯ ಮೇಲೆ ಹಾಕಿದೆ. ಹೆಬ್ಬೆರಳು ಗುಂಡಿಗಳನ್ನು ಹುಡುಕಲು ತಡಕಾಡಿತು. ಮೊದಲ ನಾಲ್ಕು ಚಿತ್ರ ಮಸುಕು.

"ಬರ್ತದೇನಪ್ಪ ನಿಂಗೆ?" ಎಂದರು.

"ಬರ್ತಿತ್ತು ಅಮ್ಮ."

ನಾಲ್ಕೂಕಾಲರ ಹೊತ್ತು. ಎದುರಿನ ಬಿಲ್ಡಿಂಗಿನ ಬಿಳಿ ಗೋಡೆಗೆ ಬಿಸಿಲು ಬಿದ್ದು, ಅಲ್ಲಿಂದ ತಣಿದು ನಮ್ಮ ಕಡೆ ಬರುತ್ತಿತ್ತು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ, ಮಂಡಿಯೂರಿದೆ. ಅವರ ಹಣೆಯ ಹೊಳಪು ಆರಿತು. ಗೀಟು ಚರ್ಮದ ಒಳಗಿನಿಂದ ಮೇಲೆದ್ದು ಬಂತು, ಬಾವಿಯ ನೀರಿನೊಳಗಿನ ಪಾಚಿಯ ಹಸಿರು. ಅದರ ಅಡ್ಡಕ್ಕೆ ಹಾಯ್ದ ಸುಕ್ಕುಗಳು. ಏಳೆಂಟು ವರ್ಷದ ಒಂದು ಹುಡುಗಿ ತಲೆ ಒದರಿದ ಜಾಗ, ಗೀಟು ಎಡಕ್ಕೆ ಕೊಂಚ ಕುಂಟಿದ ಜಾಗ, ಇನ್ನೂ ಅಲ್ಲೇ ಇತ್ತು. ನಾನು ಉಸಿರು ಹಿಡಿದು ಒತ್ತಿದೆ. ಇನ್ನಷ್ಟು ಹತ್ತಿರ ಹೋಗಿ ಒತ್ತಿದೆ. ಹಣೆಯಿಂದ ಹುಬ್ಬಿಗೆ ಇಳಿದೆ, ಕಣ್ಣಿಗೆ ಇಳಿದೆ. ಆ ಕಣ್ಣು ಒಂಬತ್ತು ದಿನ ಅತ್ತು ಒಣಗಿತ್ತು. ಒಳಗೆ ಯಾರೋ ಗಿರಾಕಿ ಕರೆಯುತ್ತಿದ್ದರಂತೆ, ಗಲ್ಲಾಪೆಟ್ಟಿಗೆ ತೆರೆದೇ ಇತ್ತಂತೆ. ಮೆಡಿಕಲ್ ಶಾಪಿನವರು ಆಮೇಲೆ ಹೇಳಿದರು. ನನಗೆ ಕೇಳಿಸಿರಲಿಲ್ಲ. ಇಪ್ಪತ್ತು ನಿಮಿಷ ನಾನು ಯಾವುದರ ಬಗ್ಗೆಯೂ ಚಿಂತೆ ಮಾಡಿರಲಿಲ್ಲ. ಇದು ಗೊತ್ತಾದ ಕೂಡಲೇ ಹೆದರಿಕೆಯಾಗಿ ಎದ್ದು ನಿಂತೆ. ಮೊಣಕಾಲು ಲಟಕ್ಕೆಂದಿತು.

ಕಂಪ್ಯೂಟರಿನ ಮುಂದೆ ಕೂತು, ತಂಗಿಯ ಹಣೆ ಪಕ್ಕದಲ್ಲಿಟ್ಟುಕೊಂಡು, ಅಕ್ಕನ ಹಣೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹಚ್ಚೆ ಹಾಕಿದೆ. ನಯಮಾಡಿದ ಮುಖ ಕಿತ್ತುಹಾಕಿ ಸುಕ್ಕುಗಳನ್ನು ವಾಪಸ್ ತಂದೆ. ಹೊಸ ಪ್ರಿಂಟ್ ತೆಗೆದು ಫ್ರೇಮಿಗೆ ಕೂರಿಸಿ ಹೊರಗೆ ಒಯ್ದಾಗ ಆರು ಗಂಟೆ. ಅವರು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಗಾಜಿನ ಮೇಲೆ ತೋರುಬೆರಳಿಟ್ಟು ಗೀಟನ್ನು ಮೇಲಿನಿಂದ ಕೆಳಕ್ಕೆ ಸವರಿದರು.

"ಊಂ. ಬಂದ್ಲು" ಎಂದರು.

ಕಾರಿನ ಬಾಗಿಲು ತೆರೆದಾಗ ನನ್ನ ಬಾಯಿಂದ ಮಾತು ತಾನಾಗಿ ಬಂತು. "ಅಮ್ಮ, ನಿಮ್ಮ ಫೋಟೋ ಇನ್ನೊಂದು ತೆಗೀಬೇಕು."

"ಅಣೆ ಸಿಕ್ತಲ್ಲ? ಇನ್ಯಾಕೆ?"

ನಾನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತೆ. ಅವರು ನನ್ನ ಮುಖವನ್ನು, ನಾನು ಎಷ್ಟೋ ಕಾಲದಿಂದ ಯಾರ ಮುಖವನ್ನೂ ನೋಡದ ಹಾಗೆ, ನಿಧಾನವಾಗಿ ನೋಡಿದರು. "ತಿಂಗ್ಳು ಕಳೀಲಿ. ಬಾ" ಎಂದರು.

ಮರುದಿನ ಯಲಹಂಕದವರು ಫೋನ್ ಮಾಡಿದಾಗ, "ಕ್ಯಾಮೆರಾ ಕೊಟ್ಟಾಯ್ತು ಸಾರ್" ಅಂದೆ.

"ಅಯ್ಯೋ, ನಾನು ಹೊರಟಾಯ್ತಲ್ಲ ಸಾರ್! ಯಾರಿಗೆ ಕೊಟ್ರಿ?"

"ಇಲ್ಲೇ ಆರ್.ಟಿ. ನಗರದವರಿಗೆ. ಪಾಪ, ಬಹಳ ದಿನದಿಂದ ಕೇಳ್ತಿದ್ರು."

ಆ ಒಂದು ತಿಂಗಳು ಹೇಗೆ ಹೋಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೆಬ್ಬಾಳ ಕೆರೆಗೆ ಹೋದೆ. ತೆಗೆದದ್ದೆಲ್ಲ ಕ್ಯಾಲೆಂಡರಿನ ಹಾಗಿತ್ತು. ಹಸಿವು ಬಂದಿತ್ತು, ಕೈ ಇನ್ನೂ ಬಂದಿರಲಿಲ್ಲ. ಸಿಟಿ ಬಸ್ಸಿನಲ್ಲಿ ಮುದುಕಿಯರ ಹಣೆ ನೋಡುತ್ತ ಕೂತು ಒಬ್ಬಾಕೆಯಿಂದ, "ಏನ್ರೀ ನೋಡ್ತೀರಾ, ಹೆಂಡ್ತಿ ಮಕ್ಳಿಲ್ವಾ?" ಎಂದು ಬೈಸಿಕೊಂಡೆ. ಬ್ಯಾಟರಾಯನಪುರದ ಆ ಹಣೆಗೆ ಏನಾದರೂ ಆದರೆ ಎಂದು ದಿನಾ ಹೆದರಿದೆ. ಎಪ್ಪತ್ತು ದಾಟಿದ ಜೀವ, ಜಾರುವ ಬಚ್ಚಲು, ರಸ್ತೆಯಲ್ಲಿ ನೀರಿನ ಟ್ಯಾಂಕರುಗಳು. ಇಂಥ ಚಿಂತೆ ನನಗೆ ಹೊಸದು. ಬಹಳ ವರ್ಷಗಳ ಮೇಲೆ, ಕೈ ತಪ್ಪಿಹೋದೀತೆಂದು ಹೆದರುವಂಥದ್ದು ಒಂದು ನನ್ನ ಮುಂದಿತ್ತು.

ತಿಂಗಳು ಕಳೆದ ಭಾನುವಾರ ಸಂಜೆ ನಾಲ್ಕಕ್ಕೆ ಅವರ ಮನೆಗೆ ಹೋದೆ. ಅಷ್ಟು ದಿನ ಮನಸ್ಸಿನಲ್ಲೇ ನೂರು ಸಲ ತೆಗೆದಿದ್ದ ಚಿತ್ರ: ಮಾಸಿದ ಸೀರೆ, ಬರಿ ಹಣೆ, ಪಕ್ಕದಿಂದ ಬೀಳುವ ಬೆಳಕು. ಅವರು ಹೊರಗೆ ಬಂದರು. ಮಿರಿಮಿರಿ ಮಿಂಚುವ ಹೊಸ ಸೀರೆ. ಮುಖ, ಹಣೆ, ಕುತ್ತಿಗೆಗೆಲ್ಲ ಬಿಳಿ ಪೌಡರು, ಕೈಯಾರೆ ಬಳಿದದ್ದು. ಹಚ್ಚೆ ಇದ್ದ ಜಾಗದಲ್ಲಿ ಸುಣ್ಣ ಹೊಡೆದ ಗೋಡೆ.

ನಾನು ಕ್ಯಾಮೆರಾ ಕೆಳಗಿಳಿಸಿದೆ. "ಅಮ್ಮ, ಮುಖ ತೊಳ್ಕೊಂಡು ಬರ್ತೀರಾ?"

"ಯಾಕಪ್ಪ? ಪೋಟ ಅಂದ್ರೆ ಪೌಡ್ರು ಆಕ್ಬಾರ್ದಾ? ಸೊಸೆದು, ಸೆಂಟಿನ ಪೌಡ್ರು ಇದು."

"ಹಚ್ಚೆ ಕಾಣ್ಸಲ್ಲ ಅಮ್ಮ. ನೀವೇ ಅವತ್ತು ಅಷ್ಟು ಬೈದ್ರಲ್ಲ ನನ್ನ?"

"ಅವಳ್ದು ನೆಟ್ಟಗಿತ್ತು ಕಣಪ್ಪ, ಕಾಣ್ಬೇಕು. ನಂದು ಸೊಟ್ಟ. ಅರವತ್ತು ವರ್ಷದಿಂದ ಎಲ್ರೂ ಅದ್ನೇ ಆಡ್ಕತಾವ್ರೆ. ಪೋಟದಾಗೂ ಆಡ್ಕಬೇಕಾ?"

ಆ ಸೊಟ್ಟ ಗೀಟಿಗಾಗಿಯೇ ನಾನು ಒಂದು ತಿಂಗಳು ನಿದ್ದೆ ಕೆಡಿಸಿಕೊಂಡಿದ್ದೆ. ಅವರ ಮುಂದೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ, ಒಬ್ಬರನ್ನು ಫೋಟೋಕ್ಕಾಗಿ ಬೇಡಿಕೊಂಡೆ. ಅದು ಸೊಟ್ಟಗಿರುವುದರಿಂದಲೇ ಚೆನ್ನ ಎಂದೆ. ನೀವು ತಲೆ ಒದರಿದ್ದು ಅದರಲ್ಲಿ ಕಾಣುತ್ತದೆ ಎಂದೆ. ಅವರಿಗೆ ಇದಾವುದೂ ನಾಟಲಿಲ್ಲ. ಆದರೆ ನನ್ನ ದನಿ ನಡುಗಿದ್ದು ಕೇಳಿಸಿರಬೇಕು.

"ಸರಿ. ಪೌಡ್ರಿಂದು ಒಂದು ತೆಗಿ. ಅದು ನಂಗೆ, ನಾನು ಓದ್ಮೇಲೆ ಆರ ಆಕಕ್ಕೆ. ಆಮ್ಯಾಲೆ ಮುಖ ತೊಳ್ಕಂಡ್ ಬತ್ತೀನಿ. ಅದು ನಿಂಗೆ. ನಮ್ಮನ್ಯಾಗೆ ಯಾರ್ಗೂ ತೋರಿಸ್ಬ್ಯಾಡ."

ಪೌಡರಿನದು ತೆಗೆದೆ. ಮನಸ್ಸಿಟ್ಟೇ ತೆಗೆದೆ, ನೆಟ್ಟಗೆ ಕೂತು ಹೆಮ್ಮೆಯಿಂದ ಕ್ಯಾಮೆರಾ ನೋಡಿದ ಆ ಬಿಳಿ ಮುಖವೂ ಸುಳ್ಳಾಗಿರಲಿಲ್ಲ. ಆಮೇಲೆ ಅವರು ಒಳಗೆ ಹೋದರು. ಮುಖ ತೊಳೆದು, ಸೀರೆ ಬದಲಿಸಿ, ಯಾರಿಗೋ ಕಾಫಿ ಸೋಸಿಕೊಟ್ಟು ಬರುವಷ್ಟರಲ್ಲಿ, ಎದುರಿನ ಅಪಾರ್ಟ್‌ಮೆಂಟಿನ ಹಿಂದೆ ಸೂರ್ಯ ಇಳಿದಿದ್ದ. ಒದ್ದೆ ಹಣೆಯ ಮೇಲೆ ಹಚ್ಚೆ ಇತ್ತು, ಬೆಳಕಿರಲಿಲ್ಲ. ಫ್ಲಾಶ್ ಹಾಕಬಹುದಿತ್ತು. ಹಾಕಲಿಲ್ಲ.

"ಇವತ್ತಾಗಲ್ಲ ಅಮ್ಮ. ನಾಳೆ ಬರ್ಲಾ?"

"ನಾಳೆ ನಂಗೆ ಕಣ್ಣಾಸ್ಪತ್ರೆ ಅದೆ. ಮಂಗ್ಳಾರ ಬಾ. ಬಿರ್ನೆ ಬಾ, ಇಂಗೆ ಒತ್ತು ಮುಳುಗಿಸ್ಕಂಡು ಬರ್ಬ್ಯಾಡ."

ಬೇಕಾದ ಆ ಒಂದನ್ನು ಇನ್ನೂ ತೆಗೆಯದ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದೆ. ಮಂಗಳವಾರಕ್ಕೆ ಇನ್ನೂ ಎರಡು ರಾತ್ರಿ, ಒಂದು ಹಗಲು ಇತ್ತು. ಅಷ್ಟು ಉದ್ದದ ಸೋಮವಾರವನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.